ಉತ್ತರವೇ ದಕ್ಷಿಣವಾದರೆ...

ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳು ಬಹಳ ಬೇಗ ಕಲಿಯುವ ಪಾಠಗಳಲ್ಲಿ ಒಂದು. ಏಕೆಂದು ಕೇಳಿದರೆ ಹಿಂದಿನವರು ಗಣಪತಿಯ ಕತೆ ಹೇಳುತ್ತಿದ್ದರು. ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆಯನ್ನೇ ಅಲ್ಲವೇ ಶಿವಗಣಗಳು ಕಡಿದು ತಂದದ್ದು? ಶಾಲೆ ಕಲಿತ ತಲೆಮಾರು ಆ ಕತೆಯ ಜಾಗದಲ್ಲಿ ಇನ್ನೊಂದು ವಿವರಣೆಯನ್ನು ತಂದು ಕೂರಿಸಿತು. ಭೂಮಿ ಒಂದು ದೊಡ್ಡ ಅಯಸ್ಕಾಂತ, ನಮ್ಮ ರಕ್ತದಲ್ಲಿ ಕಬ್ಬಿಣವಿದೆ, ಉತ್ತರಕ್ಕೆ ತಲೆ ಹಾಕಿದರೆ ರಕ್ತವೆಲ್ಲ ಮಿದುಳಿನತ್ತ ಸೆಳೆಯಲ್ಪಡುತ್ತದೆ ಎಂಬುದು ಆ ವಿವರಣೆ. ಕೇಳಲು ಒಪ್ಪುವಂತಿದೆ. ಆದರೆ ರಕ್ತದಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟಿಕೊಳ್ಳುವಂಥದಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಭೂಮಿಯ ಈ ದೊಡ್ಡ ಅಯಸ್ಕಾಂತ ಸ್ಥಿರವಾಗಿ ನಿಂತದ್ದಲ್ಲ. ಅದರ ಉತ್ತರ ಮತ್ತು ದಕ್ಷಿಣ ತುದಿಗಳು ಹಿಂದೆ ನೂರಾರು ಸಲ ಅದಲುಬದಲಾಗಿವೆ, ಮುಂದೆಯೂ ಆಗಲಿವೆ. ಆಗ ತಲೆ ಎತ್ತ ಹಾಕಬೇಕು?

ಮೊದಲು ಒಂದು ಭಯವನ್ನು ಬದಿಗಿಡಬೇಕು. ಕಾಂತಧ್ರುವಗಳು ಅದಲುಬದಲಾಗುತ್ತವೆ ಎಂದರೆ ಭೂಮಿ ಮಗುಚಿ ಬೀಳುತ್ತದೆ ಎಂದರ್ಥವಲ್ಲ. ಭೂಮಿ ತಿರುಗುವ ಅಕ್ಷ ಇದ್ದಲ್ಲೇ ಇರುತ್ತದೆ. ಸೂರ್ಯ ಪೂರ್ವದಲ್ಲೇ ಹುಟ್ಟುತ್ತಾನೆ, ಮುಂಗಾರು ನೈಋತ್ಯದಿಂದಲೇ ಬರುತ್ತದೆ. ಬದಲಾಗುವುದು ದಿಕ್ಸೂಚಿಯ ಮುಳ್ಳು ತೋರುವ ದಿಕ್ಕು ಮಾತ್ರ. 2012ರ ಡಿಸೆಂಬರಿನಲ್ಲಿ ಮಾಯಾ ಪಂಚಾಂಗದ ನೆಪದಲ್ಲಿ ಪ್ರಳಯದ ಗುಲ್ಲೆದ್ದಾಗ ಈ ಎರಡು ಸಂಗತಿಗಳನ್ನು ಕಲಸಿ ಜನರನ್ನು ಹೆದರಿಸಿದವರು ಬಹಳ ಮಂದಿ. ಪ್ರಳಯ ಬರಲಿಲ್ಲ, ಗುಲ್ಲು ಅಡಗಿತು. ಆದರೆ ಅದರ ನಡುವೆ ನಿಜವಾಗಿ ಯೋಚಿಸಬೇಕಾದ ಪ್ರಶ್ನೆಯೊಂದು ಹಾಗೆಯೇ ಉಳಿಯಿತು. ಸೂಜಿಗಲ್ಲು ಮುಖ ತಿರುಗಿಸಿದಾಗ ಭೂಮಿಯ ಮೇಲಿನ ಬದುಕಿಗೆ ಏನಾಗುತ್ತದೆ?

ಒಳಗಿನ ಡೈನಮೊ

ಭೂಮಿಯೇ ಒಂದು ಅಯಸ್ಕಾಂತ ಎಂದು 1600ರಲ್ಲಿ ಸಾರಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್. ಅವನ ಪಾಲಿಗೆ ಅದು ಗಟ್ಟಿಯಾದ ಶಾಶ್ವತ ಅಯಸ್ಕಾಂತ. ಈಗ ತಿಳಿದಿರುವಂತೆ ಅಷ್ಟು ಆಳದಲ್ಲಿ ಅಂಥ ಅಯಸ್ಕಾಂತ ಇರಲಾರದು, ಏಕೆಂದರೆ ಕಾಯಿಸಿದರೆ ಅಯಸ್ಕಾಂತ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ನಮ್ಮ ಕಾಲಡಿಯಿಂದ ಸುಮಾರು 2,900 ಕಿಲೋಮೀಟರ್ ಕೆಳಗೆ ಕರಗಿದ ಕಬ್ಬಿಣ ಮತ್ತು ನಿಕ್ಕಲ್‌ಗಳ ಸಮುದ್ರವಿದೆ. ಒಲೆಯ ಮೇಲಿನ ಅಂಬಲಿಯಂತೆ ಅದು ಕುದಿದು ಮೇಲೇಳುತ್ತ, ತಣಿದು ಕೆಳಗಿಳಿಯುತ್ತ, ಭೂಮಿಯ ತಿರುಗಾಟದಿಂದ ಸುರುಳಿಗಟ್ಟುತ್ತ ಹರಿಯುತ್ತಿರುತ್ತದೆ. ವಿದ್ಯುತ್ತನ್ನು ಹರಿಯಗೊಡುವ ಲೋಹ ಹೀಗೆ ಚಲಿಸಿದಾಗ ವಿದ್ಯುತ್ ಪ್ರವಾಹ ಹುಟ್ಟುತ್ತದೆ, ಆ ಪ್ರವಾಹದಿಂದ ಕಾಂತಕ್ಷೇತ್ರ ಹುಟ್ಟುತ್ತದೆ. ಹಳೆಯ ಸೈಕಲ್ಲಿನ ಡೈನಮೊ ಕಂಡವರಿಗೆ ಇದರ ತತ್ವ ಹೊಸದಲ್ಲ.

ಈ ದ್ರವ ಡೈನಮೊ ಎಂದೂ ಒಂದೇ ಸಮನೆ ಓಡುವುದಿಲ್ಲ. ಅದರ ಹರಿವಿನಲ್ಲಿ ಸುಳಿಗಳು ಎದ್ದು, ಕೆಲವೆಡೆ ಮುಖ್ಯ ಕ್ಷೇತ್ರಕ್ಕೆ ವಿರುದ್ಧವಾದ ತುಂಡು ಕ್ಷೇತ್ರಗಳು ತಲೆಯೆತ್ತುತ್ತವೆ. ಸಾಮಾನ್ಯವಾಗಿ ಅವು ಅಡಗಿಹೋಗುತ್ತವೆ. ಯಾವಾಗಲಾದರೊಮ್ಮೆ ಅವೇ ಬೆಳೆದು ಮುಖ್ಯ ಕ್ಷೇತ್ರವನ್ನು ಸೊರಗಿಸಿ, ಕೊನೆಗೆ ಅದರ ದಿಕ್ಕನ್ನೇ ತಿರುಗಿಸುತ್ತವೆ. 1995ರಲ್ಲಿ ಅಮೆರಿಕದ ಗ್ಯಾರಿ ಗ್ಲಾಟ್ಜ್‌ಮೇಯರ್ ಮತ್ತು ಪಾಲ್ ರಾಬರ್ಟ್ಸ್ ಕಂಪ್ಯೂಟರಿನಲ್ಲಿ ಇಂಥದೇ ಭೂಗರ್ಭವನ್ನು ಸೃಷ್ಟಿಸಿ ಓಡಿಸಿದಾಗ, ಅದು ಹೊರಗಿನ ಯಾವ ಪ್ರಚೋದನೆಯೂ ಇಲ್ಲದೆ ತಾನಾಗಿಯೇ ಧ್ರುವ ಬದಲಿಸಿತು.

ಕಲ್ಲಿನ ನೆನಪು

ಮನುಷ್ಯನೇ ಹುಟ್ಟಿರದ ಕಾಲದಲ್ಲಿ ದಿಕ್ಸೂಚಿ ಎತ್ತ ತೋರುತ್ತಿತ್ತು ಎಂದು ತಿಳಿಯುವುದು ಹೇಗೆ? ಅದನ್ನು ಬರೆದಿಟ್ಟುಕೊಂಡದ್ದು ಕಲ್ಲು. ಜ್ವಾಲಾಮುಖಿಯಿಂದ ಹೊರಬಿದ್ದ ಶಿಲಾರಸದಲ್ಲಿ ಕಬ್ಬಿಣದ ಅದಿರಿನ ಸೂಕ್ಷ್ಮ ಕಣಗಳಿರುತ್ತವೆ. ಶಿಲಾರಸ ಆರಿ, ಶಾಖ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವಾಗ ಆ ಕಣಗಳು ಅಂದಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದು ಹಾಗೆಯೇ ಬಿಗಿಯುತ್ತವೆ. ಆಮೇಲೆ ಕ್ಷೇತ್ರ ಎತ್ತ ತಿರುಗಿದರೂ ಕಲ್ಲು ತನ್ನ ಜನ್ಮಕಾಲದ ದಿಕ್ಕನ್ನು ಬಿಡುವುದಿಲ್ಲ.

ಫ್ರಾನ್ಸಿನ ಬರ್ನಾರ್ ಬ್ರುನ್ ಎಂಬ ಭೌತವಿಜ್ಞಾನಿ 1906ರಲ್ಲಿ, ತನ್ನ ದೇಶದ ಹಳೆಯ ಲಾವಾ ಪದರವೊಂದು ಮತ್ತು ಅದರ ಅಡಿಯಲ್ಲಿ ಬೆಂದ ಜೇಡಿಮಣ್ಣು ಎರಡೂ ಇಂದಿನದಕ್ಕೆ ನೇರ ವಿರುದ್ಧ ದಿಕ್ಕನ್ನು ತೋರುತ್ತಿವೆ ಎಂದು ಪ್ರಕಟಿಸಿದ. 1929ರಲ್ಲಿ ಜಪಾನಿನ ಮೊಟೊನೊರಿ ಮತುಯಾಮ ತನ್ನ ದೇಶದ ಬಂಡೆಗಳಲ್ಲೂ ಇದನ್ನೇ ಕಂಡು, ತಿರುವುಮುರುವಾದ ಬಂಡೆಗಳೆಲ್ಲ ಒಂದು ನಿರ್ದಿಷ್ಟ ಹಳೆಯ ಕಾಲಕ್ಕೆ ಸೇರಿದವು ಎಂದು ತೋರಿಸಿದ. ವಿಜ್ಞಾನಲೋಕ ಇದನ್ನು ಬಹುಕಾಲ ನಂಬಲಿಲ್ಲ. ಕಲ್ಲೇ ಹೇಗೋ ತಿರುಗಿರಬೇಕು, ಭೂಮಿಯ ಕ್ಷೇತ್ರ ತಿರುಗುವುದುಂಟೇ ಎಂದಿತು.

ಸಂಶಯ ಕಳೆದ ಕತೆಯಲ್ಲಿ ನಮ್ಮ ನೆರೆಯ ಕಡಲಿಗೆ ದೊಡ್ಡ ಪಾತ್ರವಿದೆ. ಅರಬ್ಬೀ ಸಮುದ್ರವನ್ನು ದಾಟಿ ಹಿಂದೂ ಮಹಾಸಾಗರದ ವಾಯವ್ಯ ಭಾಗಕ್ಕೆ ಹೋದರೆ ನೀರಿನಡಿ ಕಾರ್ಲ್ಸ್‌ಬರ್ಗ್ ಏಣು ಎಂಬ ಪರ್ವತಸಾಲು ಸಿಗುತ್ತದೆ. ಆ ಏಣಿನ ಬಿರುಕಿನಿಂದ ಹೊಸ ಶಿಲಾರಸ ಉಕ್ಕಿ, ಎರಡೂ ಬದಿಗೆ ಸರಿಯುತ್ತ ಹೊಸ ಕಡಲತಳ ತಯಾರಾಗುತ್ತಿದೆ. 1962ರಲ್ಲಿ ಬ್ರಿಟಿಷ್ ನೌಕೆಯೊಂದು ಅಲ್ಲಿ ಕಾಂತತ್ವದ ಅಳತೆ ನಡೆಸಿತು. ಆ ಅಳತೆಗಳನ್ನು ಮುಂದಿಟ್ಟುಕೊಂಡು 1963ರಲ್ಲಿ ಕೇಂಬ್ರಿಜ್‌ನ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಒಂದು ವಿವರಣೆ ಕೊಟ್ಟರು. ಕಡಲತಳ ಹುಟ್ಟುತ್ತ ಹೋದಂತೆ ಆಯಾ ಕಾಲದ ದಿಕ್ಕನ್ನು ದಾಖಲಿಸುತ್ತ ಹೋಗುತ್ತದೆ, ಧ್ರುವ ಬದಲಾದಾಗಲೆಲ್ಲ ಪಟ್ಟಿ ಬದಲಾಗುತ್ತದೆ, ಆದ್ದರಿಂದ ಏಣಿನ ಎರಡೂ ಕಡೆ ಕಂಬಳಿಯ ಪಟ್ಟೆಗಳಂತೆ ಒಂದು ನೇರ, ಒಂದು ತಿರುವುಮುರುವು ಎಂಬ ಸಾಲು ಕಾಣಬೇಕು ಎಂದರು. ಕೆನಡಾದ ಲಾರೆನ್ಸ್ ಮಾರ್ಲಿ ಇದೇ ವಿಚಾರವನ್ನು ಸ್ವತಂತ್ರವಾಗಿ ಬರೆದು ಕಳಿಸಿದ್ದ, ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. ಮುಂದಿನ ಕೆಲವು ವರ್ಷಗಳಲ್ಲಿ ಹಲವು ಸಾಗರಗಳಲ್ಲಿ ಆ ಪಟ್ಟೆಗಳು ಕಂಡವು. ಖಂಡಗಳು ಚಲಿಸುತ್ತವೆ ಎಂಬುದೂ, ಧ್ರುವಗಳು ತಿರುಗುತ್ತವೆ ಎಂಬುದೂ ಒಟ್ಟಿಗೇ ಸಿದ್ಧವಾದವು.

ಕಳೆದ ಸುಮಾರು 8.3 ಕೋಟಿ ವರ್ಷಗಳಲ್ಲಿ 183 ಸಲ ಧ್ರುವಗಳು ಅದಲುಬದಲಾಗಿವೆ ಎಂದು ಈ ದಾಖಲೆಗಳು ಹೇಳುತ್ತವೆ. ಅವುಗಳ ನಡುವಿನ ಅಂತರಕ್ಕೆ ಯಾವ ತಾಳವೂ ಇಲ್ಲ. ಕೆಲವು ಸಲ ಕೆಲವೇ ಸಾವಿರ ವರ್ಷ, ಕೆಲವು ಸಲ ಲಕ್ಷಾಂತರ ವರ್ಷ. ಅದಕ್ಕೂ ಹಿಂದೆ ಮೂರೂವರೆ ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಧ್ರುವಗಳು ಅಲುಗದೆ ನಿಂತದ್ದೂ ಉಂಟು. ಕೊನೆಯ ಪೂರ್ಣ ಅದಲುಬದಲು ನಡೆದು ಸುಮಾರು 7 ಲಕ್ಷ 80 ಸಾವಿರ ವರ್ಷಗಳಾದವು.

ಕರ್ನಾಟಕದ ಕಪ್ಪು ಸಾಕ್ಷಿ

ಈ ದಾಖಲೆಯ ದೊಡ್ಡದೊಂದು ಸಂಪುಟ ನಮ್ಮ ಉತ್ತರ ಕರ್ನಾಟಕದಲ್ಲೇ ಹರಡಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಗಳ ಕಪ್ಪು ಕಲ್ಲು, ಅದು ಸವೆದು ಉಂಟಾದ ಎರೆಮಣ್ಣು ಎಲ್ಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರದೇಶದಲ್ಲಿ ಉಕ್ಕಿ ಹರಿದ ಲಾವಾದ ಫಲ. 1950ರ ದಶಕದ ನಡುವೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನೊಬೆಲ್ ಪುರಸ್ಕೃತ ಪ್ಯಾಟ್ರಿಕ್ ಬ್ಲ್ಯಾಕೆಟ್‌ರ ತಂಡ ದಖನ್ ಲಾವಾದ ಮಾದರಿಗಳನ್ನು ತರಿಸಿ ಅಳೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಅದೇ ದಶಕದಲ್ಲಿ ಈ ಕೆಲಸ ನಡೆಯಿತು. ಎರಡು ಸಂಗತಿಗಳು ಹೊರಬಿದ್ದವು. ಲಾವಾ ಉಕ್ಕಿದ ಕಾಲದಲ್ಲಿ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಪಶ್ಚಿಮ ಘಟ್ಟದ ಲಾವಾ ಪದರಗಳಲ್ಲಿ ಹೆಚ್ಚಿನವು ಇಂದಿನದಕ್ಕೆ ವಿರುದ್ಧ ದಿಕ್ಕನ್ನು ತೋರುತ್ತವೆ, ಮೇಲಿನ ಕೆಲವು ಪದರಗಳು ಮತ್ತೆ ನೇರವಾಗುತ್ತವೆ. ಎಂದರೆ ಘಟ್ಟ ಹತ್ತುವಾಗ ಒಂದು ಧ್ರುವ ಬದಲಾವಣೆಯನ್ನೇ ದಾಟಿ ಹೋದಂತಾಗುತ್ತದೆ.

ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿರುವುದೂ ಇದೇ ಜಾತಿಯ ಕಪ್ಪು ಕಲ್ಲಿನಿಂದ. ಗಣಿಯಿಂದ ಎಬ್ಬಿಸಿ, ಕಡೆದು, ತಿರುಗಿಸಿ ಇಟ್ಟ ಕಲ್ಲು ಈಗ ದಿಕ್ಕಿನ ಸಾಕ್ಷಿ ಹೇಳಲಾರದು ನಿಜ. ಆದರೂ ಅಲ್ಲಿ ಪಿಸುಮಾತಿನ ಪ್ರತಿಧ್ವನಿ ಕೇಳುವವರು ಒರಗಿ ನಿಲ್ಲುವ ಗೋಡೆಯೊಳಗೆ ಕೋಟ್ಯಂತರ ವರ್ಷಗಳ ಹಿಂದಿನ ಭೂಕಾಂತತ್ವ ಇನ್ನೂ ಅಡಗಿ ಕೂತಿದೆ.

ದಖನ್ ಲಾವಾದ ಕಾಲವೇ ಡೈನೊಸಾರ್‌ಗಳು ಅಳಿದ ಕಾಲವೂ ಹೌದು. ಹಾಗಾದರೆ ಅವು ಅಳಿದದ್ದು ಧ್ರುವಗಳು ತಿರುಗಿದ್ದರಿಂದಲೇ? ಅಲ್ಲ. ಆ ಅದಲುಬದಲು ನಡೆದದ್ದು ಡೈನೊಸಾರ್‌ಗಳ ಅಂತ್ಯವಾಗಿ ಕೆಲವು ಲಕ್ಷ ವರ್ಷಗಳಾದ ಮೇಲೆ. ಮೆಕ್ಸಿಕೊದ ಬಳಿ ಬಿದ್ದ ಕ್ಷುದ್ರಗ್ರಹ ಮತ್ತು ದಖನ್ ಜ್ವಾಲಾಮುಖಿಗಳ ಅನಿಲ, ಇವುಗಳ ಮೇಲೆಯೇ ಆ ಅಪವಾದ ಇರುವುದು. ನೂರಾರು ಧ್ರುವ ಬದಲಾವಣೆಗಳನ್ನೂ ಜೀವರಾಶಿ ಅಳಿದ ಕಾಲಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವೆರಡಕ್ಕೂ ನಿಯತವಾದ ಸಂಬಂಧ ಕಾಣುವುದಿಲ್ಲ.

ಜೀವಿಗಳ ಪಾಡು

ಧ್ರುವಗಳು ತಿರುಗುವುದು ರಾತ್ರಿ ಬೆಳಗಾಗುವುದರೊಳಗೆ ಮುಗಿಯುವ ಕೆಲಸವಲ್ಲ. ಅದಕ್ಕೆ ಸಾವಿರಾರು ವರ್ಷ ಬೇಕು. ಕೊನೆಯ ಅದಲುಬದಲು ಪೂರ್ತಿ ಮುಗಿಯಲು ಸುಮಾರು 22,000 ವರ್ಷ ಹಿಡಿಯಿತು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಈ ಅವಧಿಯಲ್ಲಿ ಕ್ಷೇತ್ರ ಸೊರಗಿ ಇಂದಿನ ಬಲದ ಸಣ್ಣದೊಂದು ಪಾಲಿಗೆ ಇಳಿಯುತ್ತದೆ. ಎರಡೇ ಧ್ರುವಗಳ ಬದಲು ಅಲ್ಲೊಂದು ಇಲ್ಲೊಂದು ಎಂಬಂತೆ ಹಲವು ಧ್ರುವಗಳು ತಲೆದೋರಬಹುದು. ದಿಕ್ಸೂಚಿ ನಂಬಿದವನು ಊರೂರಿಗೂ ಒಂದೊಂದು ಉತ್ತರವನ್ನು ಕಾಣಬೇಕಾದೀತು. ಈಗ ಧ್ರುವಪ್ರದೇಶದ ಆಕಾಶದಲ್ಲಿ ಕುಣಿಯುವ ಹಸಿರು, ಕೆಂಪು ಧ್ರುವಪ್ರಭೆ ಆಗ ಉಷ್ಣವಲಯದಲ್ಲೂ ಕಾಣಿಸಿಕೊಂಡೀತು.

ಭೂಕಾಂತತ್ವವನ್ನು ನಂಬಿ ಬದುಕುವ ಜೀವಿಗಳು ಅನೇಕ. ಕಡಲಾಮೆಗಳು, ಪಾರಿವಾಳಗಳು, ವಲಸೆ ಹಕ್ಕಿಗಳು ಅದನ್ನು ದಾರಿಗುರುತಾಗಿ ಬಳಸುತ್ತವೆ. ಯುರೋಪಿನ ರಾಬಿನ್ ಹಕ್ಕಿಯ ಮೇಲೆ ಜರ್ಮನಿಯ ವಿಲ್ಚ್‌ಕೊ ದಂಪತಿ ನಡೆಸಿ 1972ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಕುತೂಹಲಕರ. ಈ ಹಕ್ಕಿ ಉತ್ತರ ಯಾವುದು, ದಕ್ಷಿಣ ಯಾವುದು ಎಂದು ಗುರುತಿಸುವುದೇ ಇಲ್ಲ. ಕಾಂತರೇಖೆ ನೆಲದತ್ತ ಎಷ್ಟು ಓರೆಯಾಗಿ ಇಳಿಯುತ್ತದೆ ಎಂಬುದನ್ನು ನೋಡಿ ಧ್ರುವದ ಕಡೆ ಯಾವುದು, ಭೂಮಧ್ಯರೇಖೆಯ ಕಡೆ ಯಾವುದು ಎಂದು ತಿಳಿಯುತ್ತದೆ. ಧ್ರುವಗಳು ಪೂರ್ತಿ ಅದಲುಬದಲಾದರೆ ಅದಕ್ಕೆ ಏನೂ ವ್ಯತ್ಯಾಸವಾಗದು. ಕಷ್ಟ ಬರುವುದು ನಡುವಣ ಗೊಂದಲದ ಶತಮಾನಗಳಲ್ಲಿ. ಆಗಲೂ ಹಕ್ಕಿಗೆ ಸೂರ್ಯನಿದ್ದಾನೆ, ನಕ್ಷತ್ರಗಳಿವೆ.

ಇನ್ನೂ ಚಿಕ್ಕ ಪ್ರಾಣಿಯ ಪಾಠ ಇನ್ನೂ ದೊಡ್ಡದು. 1975ರಲ್ಲಿ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಕೆಸರಿನಲ್ಲಿ ವಾಸಿಸುವ ಒಂದು ಬಗೆಯ ಬ್ಯಾಕ್ಟೀರಿಯಗಳ ಬಗ್ಗೆ ವರದಿ ಮಾಡಿದ. ಅವುಗಳ ಒಡಲಲ್ಲಿ ಅಯಸ್ಕಾಂತದ ಹರಳುಗಳ ಸರವೇ ಇರುತ್ತದೆ. ಉತ್ತರ ಗೋಲಾರ್ಧದಲ್ಲಿ ಅವು ಉತ್ತರದತ್ತ, ಕಾಂತರೇಖೆಯ ಇಳಿಜಾರಿನಲ್ಲೇ ಈಜಿ ತಳದ ಕೆಸರು ಸೇರುತ್ತವೆ. ದಕ್ಷಿಣ ಗೋಲಾರ್ಧದಲ್ಲಿರುವವು ದಕ್ಷಿಣದತ್ತ ಈಜುತ್ತವೆ. ಪ್ರಯೋಗಾಲಯದಲ್ಲಿ ಕ್ಷೇತ್ರವನ್ನು ತಿರುಗಿಸಿಟ್ಟರೆ ಹಳೆಯ ದಿಕ್ಕಿನವು ದಾರಿತಪ್ಪುತ್ತವೆ, ಗುಂಪಿನಲ್ಲಿ ವಿರುದ್ಧ ದಿಕ್ಕಿನವಾಗಿ ಹುಟ್ಟಿದ್ದ ಕೆಲವೇ ಕೆಲವು ಬದುಕಿ ಹೆಚ್ಚುತ್ತವೆ. ಕೆಲವೇ ವಾರಗಳಲ್ಲಿ ಇಡೀ ಸಂತತಿ ಹೊಸ ದಿಕ್ಕಿಗೆ ಹೊಂದಿಕೊಳ್ಳುತ್ತದೆ. ಸಾವಿರಾರು ವರ್ಷ ಸಮಯ ಕೊಟ್ಟರೆ ಜೀವ ದಾರಿ ಹುಡುಕಿಕೊಳ್ಳುತ್ತದೆ.

ಕ್ಷೇತ್ರ ಕುಗ್ಗಿದಾಗ ಅಂತರಿಕ್ಷದ ವಿಕಿರಣವೆಲ್ಲ ನೆಲಕ್ಕೆ ಸುರಿದು ಎಲ್ಲರನ್ನೂ ಸುಡುತ್ತದೆ ಎಂಬ ಮಾತೂ ಉತ್ಪ್ರೇಕ್ಷೆ. ಕಾಂತಕ್ಷೇತ್ರ ಹೊರಗಿನ ಕೋಟೆಯಾದರೆ ವಾಯುಮಂಡಲ ಒಳಕೋಟೆ. ನಮ್ಮ ತಲೆಯ ಮೇಲಿನ ಗಾಳಿ ತೂಕದಲ್ಲಿ ಹತ್ತು ಮೀಟರ್ ಆಳದ ನೀರಿಗೆ ಸಮ. ವಿಕಿರಣದ ಹೆಚ್ಚಿನ ಪಾಲನ್ನು ಅದೇ ತಡೆಯುತ್ತದೆ. ಆದರೂ ಪರಿಣಾಮ ಸೊನ್ನೆಯಲ್ಲ. ವಿಕಿರಣದ ಕಣಗಳು ಮೇಲಿನ ವಾಯುಮಂಡಲದಲ್ಲಿ ಸಾರಜನಕದ ಆಕ್ಸೈಡ್‌ಗಳನ್ನು ಹೆಚ್ಚಿಸಿ ಓಜೋನ್ ಪದರವನ್ನು ತೆಳುವಾಗಿಸಬಹುದು. ಆಗ ನೆಲಕ್ಕೆ ಬರುವ ಅತಿನೇರಳೆ ಕಿರಣ ಹೆಚ್ಚುತ್ತದೆ.

ಇದಕ್ಕೆ ಹತ್ತಿರದ ನಿದರ್ಶನ ಸುಮಾರು 41,000 ವರ್ಷಗಳ ಹಿಂದಿನದು. ಆಗ ಧ್ರುವಗಳು ತಿರುಗಿ, ಕೆಲವು ನೂರು ವರ್ಷ ಹಾಗೇ ಇದ್ದು, ಮತ್ತೆ ಮೊದಲಿನ ಸ್ಥಿತಿಗೆ ಮರಳಿದವು. ಫ್ರಾನ್ಸಿನ ಲಾಶಾಂಪ್ ಎಂಬಲ್ಲಿನ ಲಾವಾದಲ್ಲಿ ಮೊದಲು ಕಂಡದ್ದರಿಂದ ಇದಕ್ಕೆ ಆ ಊರಿನ ಹೆಸರೇ ಬಂತು. ಆಗ ಮನುಷ್ಯರಿದ್ದರು, ನಿಯಾಂಡರ್ತಾಲರೂ ಇದ್ದರು. ನ್ಯೂಜಿಲೆಂಡಿನ ಜವುಗಿನಲ್ಲಿ ಹೂತುಹೋಗಿದ್ದ ಕೌರಿ ಮರಗಳ ಉಂಗುರಗಳನ್ನು ಪರೀಕ್ಷಿಸಿದ ತಂಡವೊಂದು 2021ರಲ್ಲಿ, ಆ ಕಾಲದ ಹವಾಮಾನದ ಏರುಪೇರಿಗೂ ಕೆಲವು ಪ್ರಾಣಿಗಳ ಅಳಿವಿಗೂ ದುರ್ಬಲಗೊಂಡ ಕ್ಷೇತ್ರವೇ ಕಾರಣ ಎಂದು ವಾದಿಸಿತು. ಬೇರೆ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಧ್ರುವಪ್ರದೇಶದ ಹಿಮದ ಪದರಗಳಲ್ಲಿ ವಿಕಿರಣ ಹೆಚ್ಚಿದ ಗುರುತು ಸ್ಪಷ್ಟವಾಗಿದ್ದರೂ ಹವಾಮಾನ ಬುಡಮೇಲಾದ ಗುರುತು ಇಲ್ಲ ಎಂಬುದು ಅವರ ತಕರಾರು. ಮನುಷ್ಯಕುಲವಂತೂ ಅದನ್ನು ದಾಟಿ ಬಂದಿದೆ.

ನಿಜವಾದ ಅಪಾಯ ಎಲ್ಲಿದೆ?

ಆದರೆ ಅಂದು ದಾಟಿ ಬಂದ ಮನುಷ್ಯನ ಬಳಿ ವಿದ್ಯುತ್ ತಂತಿ ಇರಲಿಲ್ಲ, ಉಪಗ್ರಹ ಇರಲಿಲ್ಲ. ಇಂದಿನ ಮಾತು ಬೇರೆಯಾಗುವುದು ಇಲ್ಲಿಯೇ. ಸೂರ್ಯನಿಂದ ಆಗಾಗ ಸಿಡಿದು ಬರುವ ವಿದ್ಯುತ್ಕಣಗಳ ಮೋಡ ಭೂಮಿಯ ಕ್ಷೇತ್ರಕ್ಕೆ ಬಡಿದಾಗ ಕಾಂತಬಿರುಗಾಳಿ ಏಳುತ್ತದೆ. ಕ್ಷೇತ್ರ ಬಲವಾಗಿರುವಾಗಲೇ ಅದು ಮಾಡುವ ಹಾನಿ ಸಣ್ಣದಲ್ಲ.

ಅಂಥ ಬಿರುಗಾಳಿಗಳಲ್ಲಿ ಅತಿ ದೊಡ್ಡದೆನ್ನಬಹುದಾದ 1859ರ ಸೆಪ್ಟೆಂಬರಿನದನ್ನು ಅಳೆದ ಕೀರ್ತಿ ಮುಂಬಯಿಯದು. ಅಲ್ಲಿನ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಕಾಂತತ್ವದ ಅಳತೆ ನಡೆಯುತ್ತಿತ್ತು. ಮುಳ್ಳಿನ ಓಲಾಟವನ್ನು ಕಣ್ಣಿಂದ ನೋಡಿ ಕೈಯಿಂದ ಬರೆದಿಡುತ್ತಿದ್ದ ಅಲ್ಲಿನ ಸಹಾಯಕರು ಆ ದಿನ ಸುಮಾರು 1,600 ನ್ಯಾನೊಟೆಸ್ಲಾಗಳ ಕುಸಿತವನ್ನು ದಾಖಲಿಸಿದರು. ಒಂದೂವರೆ ಶತಮಾನದ ನಂತರ ಜಗತ್ತಿನ ವಿಜ್ಞಾನಿಗಳು ಆ ಬಿರುಗಾಳಿಯ ಬಲವನ್ನು ಅಂದಾಜು ಮಾಡಲು ಹಿಡಿದದ್ದು ಆ ಹಾಳೆಗಳನ್ನೇ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದೆ ಎಂದಾದಾಗ, ಅದರ ಗದ್ದಲ ಸೂಕ್ಷ್ಮ ಮುಳ್ಳುಗಳನ್ನು ಕೆಡಿಸೀತೆಂದು ವೀಕ್ಷಣಾಲಯದ ಕಾಂತ ವಿಭಾಗವನ್ನು ಕಡಲಾಚೆಯ ಅಲಿಬಾಗಿಗೆ ಸಾಗಿಸಲಾಯಿತು. 1904ರಿಂದ ಅಲ್ಲಿ ಅಳತೆ ಶುರುವಾಯಿತು, ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯಾಗಲೆಂದು 1906ರವರೆಗೆ ಎರಡೂ ಕಡೆ ಒಟ್ಟಿಗೆ ನಡೆಸಲಾಯಿತು.

1859ರಲ್ಲಿ ಕೆಟ್ಟದ್ದು ತಂತಿ ಕಚೇರಿಗಳು ಮಾತ್ರ. 1989ರ ಮಾರ್ಚ್ 13ರಂದು ಅದಕ್ಕಿಂತ ಚಿಕ್ಕ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನು ಒಂದೆರಡು ನಿಮಿಷದೊಳಗೆ ಕೆಡವಿತು. ಅರವತ್ತು ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಯೊಂದರಿಂದಲೇ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ನಲವತ್ತರಷ್ಟು ಕೆಳಗೆ ಬಿದ್ದು ಉರಿದುಹೋದವು. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯ ಆಕಾಶ ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವುದು ಅಲ್ಲಿಯೇ. ಕ್ಷೇತ್ರ ಇಂದಿನ ಹತ್ತನೇ ಒಂದು ಪಾಲಿಗೆ ಇಳಿದು, ಅದೇ ಸ್ಥಿತಿ ನೂರಾರು ವರ್ಷ ಉಳಿದರೆ ಉಪಗ್ರಹ, ದೂರಸಂಪರ್ಕ, ಉದ್ದುದ್ದದ ವಿದ್ಯುತ್ ಮಾರ್ಗ ಎಲ್ಲವನ್ನೂ ಹೊಸದಾಗಿ ಯೋಚಿಸಿ ಕಟ್ಟಬೇಕಾಗುತ್ತದೆ. ಎತ್ತರದಲ್ಲಿ ಹಾರುವ ವಿಮಾನದವರಿಗೂ, ಅಂತರಿಕ್ಷಯಾತ್ರಿಗಳಿಗೂ ವಿಕಿರಣದ ಭಾರ ಹೆಚ್ಚುತ್ತದೆ.

ಈಗ ನಡೆಯುತ್ತಿರುವುದೇನು?

ಜರ್ಮನಿಯ ಗೌಸ್ 1830ರ ದಶಕದಲ್ಲಿ ಕ್ಷೇತ್ರದ ಬಲವನ್ನು ಅಳೆಯುವ ವಿಧಾನ ಕಂಡುಹಿಡಿದ. ಅಲ್ಲಿಂದೀಚೆಗೆ ಮುಖ್ಯ ಕ್ಷೇತ್ರ ಶೇಕಡ ಹತ್ತರ ಆಸುಪಾಸು ಕುಗ್ಗಿದೆ. 1831ರಲ್ಲಿ ಜೇಮ್ಸ್ ರಾಸ್ ಕೆನಡಾದ ಉತ್ತರ ತುದಿಯಲ್ಲಿ ಗುರುತಿಸಿದ ಉತ್ತರ ಕಾಂತಧ್ರುವ ಈಗ ಆರ್ಕ್‌ಟಿಕ್ ಸಾಗರ ದಾಟಿ ಸೈಬೀರಿಯದತ್ತ ಸಾಗುತ್ತಿದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದರ ಓಟ ವರ್ಷಕ್ಕೆ 50 ಕಿಲೋಮೀಟರ್ ದಾಟಿತ್ತು, ಈಚೆಗೆ ತುಸು ನಿಧಾನಿಸಿದೆ. ಮೊಬೈಲ್ ಫೋನಿನ ದಿಕ್ಸೂಚಿಗೂ ಹಡಗು, ವಿಮಾನಗಳಿಗೂ ಆಧಾರವಾದ ಜಾಗತಿಕ ಕಾಂತನಕ್ಷೆಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ವಾಡಿಕೆ. ಈ ಓಟದಿಂದಾಗಿ 2019ರ ಫೆಬ್ರವರಿಯಲ್ಲಿ ಅದನ್ನು ಅವಧಿಗೆ ಮುನ್ನವೇ ತಿದ್ದಬೇಕಾಯಿತು. ದಕ್ಷಿಣ ಅಮೆರಿಕದಿಂದ ಆಫ್ರಿಕದವರೆಗೆ ದಕ್ಷಿಣ ಅಟ್ಲಾಂಟಿಕ್‌ನ ಮೇಲೆ ಕ್ಷೇತ್ರ ವಿಶೇಷವಾಗಿ ದುರ್ಬಲವಾಗಿದೆ. ಹಬಲ್ ದೂರದರ್ಶಕ ಅದರ ಮೇಲೆ ಹಾಯುವಾಗ ವೀಕ್ಷಣೆಯನ್ನು ನಿಲ್ಲಿಸಬೇಕಾಗುತ್ತದೆ. 2013ರಲ್ಲಿ ಯುರೋಪ್ ಹಾರಿಸಿದ ಮೂರು ಸ್ವಾರ್ಮ್ ಉಪಗ್ರಹಗಳು ಈ ದುರ್ಬಲ ಭಾಗ ಹಿಗ್ಗುತ್ತಿರುವುದನ್ನು ಕಂಡಿವೆ.

ಇದು ಅದಲುಬದಲಿನ ಪೀಠಿಕೆಯೇ? ಹಾಗೆ ಹೇಳಲು ಆಧಾರ ಸಾಲದು. ಇಂದಿನ ಬಲ ದೀರ್ಘಕಾಲದ ಸರಾಸರಿಗಿಂತ ಕಡಿಮೆಯೇನೂ ಅಲ್ಲ. ಹೀಗೆ ಕುಗ್ಗಿ ಮತ್ತೆ ಚೇತರಿಸಿಕೊಂಡ ನಿದರ್ಶನಗಳು ಇತಿಹಾಸದಲ್ಲಿ ಹಲವು. ತಿರುಗುವುದೇ ಆದರೂ ಅದು ನಮ್ಮ ಮಕ್ಕಳ, ಮೊಮ್ಮಕ್ಕಳ ಕಾಲದ ಮಾತಲ್ಲ. ನಾಳೆಯೇ ಬರಬಹುದಾದದ್ದು ಸೂರ್ಯನ ಬಿರುಗಾಳಿ. ಅದಕ್ಕಾಗಿ ವಿದ್ಯುತ್ ಜಾಲವನ್ನು, ಉಪಗ್ರಹಗಳನ್ನು ಸಿದ್ಧಮಾಡಿಕೊಂಡರೆ ಅದೇ ತಯಾರಿ ಮುಂದೆಂದೋ ಬರುವ ದುರ್ಬಲ ಕ್ಷೇತ್ರದ ಕಾಲಕ್ಕೂ ಒದಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಹಾರಿದ ಭಾರತದ ಆದಿತ್ಯ ಎಲ್-1 ನೌಕೆ ಕಾಂತಮಾಪಕವನ್ನೂ ಹೊತ್ತು ಸೂರ್ಯನನ್ನು ಕಾಯುತ್ತಿರುವುದು ಈ ದಾರಿಯ ಒಂದು ಹೆಜ್ಜೆ. ಕೊಲಾಬಾದಲ್ಲಿ ಶುರುವಾಗಿ ಅಲಿಬಾಗಿನಲ್ಲಿ ಮುಂದುವರಿದ ದಿನದಿನದ ಲೆಕ್ಕ ಅದಕ್ಕಿಂತ ಹಳೆಯದು. ಕ್ಷೇತ್ರ ಕುಗ್ಗುತ್ತಿದೆಯೋ ಚೇತರಿಸುತ್ತಿದೆಯೋ ಎಂದು ಹೇಳಬೇಕಾದದ್ದು ಅಂಥ ಲೆಕ್ಕದ ಪುಸ್ತಕಗಳೇ.

ಇನ್ನು ತಲೆ ಎತ್ತ ಹಾಕಬೇಕೆಂಬ ಪ್ರಶ್ನೆ. ನಮ್ಮ ಹಿರಿಯರು ಉತ್ತರವನ್ನು ಗುರುತಿಸಿದ್ದು ಸೂಜಿಗಲ್ಲಿನಿಂದಲ್ಲ, ಸೂರ್ಯನ ಉದಯಾಸ್ತದಿಂದ ಮತ್ತು ಧ್ರುವನಕ್ಷತ್ರದಿಂದ. ಕಾಂತಧ್ರುವಗಳು ಎಷ್ಟೇ ಸಲ ತಿರುಗಿದರೂ ಆ ಉತ್ತರ ಇದ್ದಲ್ಲೇ ಇರುತ್ತದೆ. ಅಜ್ಜಿ ಹೇಳಿದ ದಿಕ್ಕಿಗೇ ತಲೆ ಹಾಕಲಿ, ಬೇರೆ ದಿಕ್ಕಿಗೇ ಹಾಕಲಿ, ಧ್ರುವಗಳ ಚಿಂತೆಯಿಂದ ಯಾರೂ ನಿದ್ದೆಗೆಡಬೇಕಾಗಿಲ್ಲ.